ಮೂರು ಬಾಡಿಗೆ, ಒಂದು ವೀಸಾ

ಕೆಲವರು ಬೀಡಾ ತರೋಕೆ ಹೋದರೂ ಏನಾದರೊಂದು ಆಗುತ್ತದೆ. ನಾನು ಆ ಪೈಕಿ. ಅಂಥವನು ಇಂಗ್ಲೆಂಡಿಗೆ ಹೋಗಲು ಹೊರಟರೆ ಸುಮ್ಮನೆ ಆಗುತ್ತದೆಯೇ?

ನಾನು ಬಯಲುಸೀಮೆಯವನು. ತೀರ್ಥಹಳ್ಳಿಗೆ ಬಂದು ಡ್ರೈವಿಂಗ್ ಸ್ಕೂಲ್ ಹಾಕಿಕೊಂಡಿದ್ದೆ. ಹೆಂಡತಿ ಸಾಗರದವಳು, ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅಲ್ಲೇ ಕಾಯಂ ಆಗಿ ಇರಲು ಅವಳಿಗೆ ಅನುಮತಿ ಸಿಕ್ಕಿದೆ. ಗಂಡನನ್ನು ಕರೆಸಿಕೊಳ್ಳಬೇಕಾದರೆ ಮಾತ್ರ ಇಂತಿಷ್ಟು ಆದಾಯ ಇದೆ ಅಂತ ಅಲ್ಲಿನ ಸರ್ಕಾರಕ್ಕೆ ತೋರಿಸಬೇಕು. ಮೇಲಿನ ಪರೀಕ್ಷೆಗೆ ಓದುತ್ತಾ ಅವಳು ಡ್ಯೂಟಿ ಕಡಿಮೆ ಮಾಡಿಕೊಂಡಿದ್ದಳು, ಸಂಬಳ ಸ್ವಲ್ಪ ಸಾಲದಾಯಿತು. ಆಗ ಅಲ್ಲಿನ ವಕೀಲೆ ಕೇಳಿದರಂತೆ: "ಊರಲ್ಲಿ ನಿಮ್ಮ ಹೆಸರಿನಲ್ಲಿ ಬಾಡಿಗೆ ಏನಾದರೂ ಬರುತ್ತದಾ?"

ಬರುತ್ತಿತ್ತು! ಅಜ್ಜಿ ಅವಳಿಗೆ ದಾನಪತ್ರ ಮಾಡಿಕೊಟ್ಟ ಒಂದು ಪುಟ್ಟ ಕಟ್ಟಡ ಸಾಗರದಲ್ಲಿತ್ತು. ಕೆಳಗೆ ಒಬ್ಬ ಟೈಲರ್, ಪಕ್ಕದಲ್ಲಿ ಒಂದು ಬ್ಯೂಟಿ ಪಾರ್ಲರ್, ಮಹಡಿ ಮೇಲೆ ನಿವೃತ್ತ ಹೆಡ್ ಮಾಸ್ಟ್ರು. ಮೂರೂ ಬಾಡಿಗೆಗೆ ದಾಖಲೆ ಕೂಡಿಸಿ ಕಳಿಸಿದರೆ ನಾನು ವಿಮಾನ ಹತ್ತಬಹುದು. ಅವತ್ತು ಖುಷಿಗೆ ನಾನು ಮನೆಯೊಳಗೇ ಎರಡು ಸುತ್ತು ಓಡಿದೆ.

ಪತ್ರ ಬರೆಯುವವರು

ಹಳೇ ಕರಾರುಗಳ ಅವಧಿ ಮುಗಿದಿತ್ತು. ಹೊಸದು ಮಾಡಿಸಲು ಹೆಂಡತಿಯ ಅಧಿಕಾರಪತ್ರ ಹಿಡಿದು ಸಾಗರದ ಪತ್ರ ಬರಹಗಾರರೊಬ್ಬರ ಹತ್ತಿರ ಹೋದೆ. ನನ್ನ ಮಾತನ್ನು ಅರ್ಧ ಕೇಳಿಸಿಕೊಂಡೇ ಅವರು ಟೈಪ್ ಮಾಡಲು ಶುರು ಮಾಡಿದರು: "ವಿದೇಶದಲ್ಲಿರುವ ಪತಿಯು ತನ್ನ ಪತ್ನಿಯನ್ನು..."

"ಸಾರ್, ಉಲ್ಟಾ. ವಿದೇಶದಲ್ಲಿರೋದು ಹೆಂಡತಿ."

ಅಳಿಸಿದರು. ಎರಡು ಸಾಲು ಹೋಗುವಷ್ಟರಲ್ಲಿ ಮತ್ತೆ ಪತಿಯೇ ವಿದೇಶಕ್ಕೆ ಹೋಗಿಬಿಟ್ಟಿದ್ದ. ಮತ್ತೆ ಹೇಳಿದೆ. ಅವರು ಕೈ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಅಂದ್ರೆ ಅವ್ರು ನಿಮ್ಮನ್ನ ಕರೆಸ್ಕೊಳ್ತಾರೆ?"

"ಹೌದು."

"ದುಡಿಯೋದೂ ಅವ್ರೇ?"

"ಹೌದು."

"ಸಾಲದ್ದಕ್ಕೆ ತೋರಿಸ್ತಿರೋ ಬಾಡಿಗೇನೂ ಅವ್ರದ್ದೇ?"

"ಹೌದು ಸಾರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪಕ್ಕದ ಮೇಜಿನ ಗೆಳೆಯನ ಕಡೆ ನೋಡಿ ನಿಟ್ಟುಸಿರು ಬಿಟ್ಟರು: "ಕೇಳಿದ್ಯೇನೋ? ನನ್ನ ಮದುವೇಲಿ ನಮ್ಮಪ್ಪ ಸ್ವಲ್ಪ ಅವಸರ ಮಾಡ್ಬಿಟ್ಟ ಕಣೋ."

ಹೊಸನಗರದ ಅತ್ತೆ

ಕಟ್ಟಡ ಅವಳದ್ದೇ ಅನ್ನುವುದಕ್ಕೆ ಅಜ್ಜಿ ಬರೆದ ದಾನಪತ್ರ ಬೇಕಿತ್ತು. ಅದು ಹೊಸನಗರದ ತನ್ನ ಸೋದರತ್ತೆಯ ಹತ್ತಿರ ಇರಬಹುದು ಅಂತ ಹೆಂಡತಿ ಹೇಳಿದಳು. ಫೋನ್ ಮಾಡಿದೆ. ಆ ಕಡೆ ಗರಗರ ಸದ್ದು.

"ಅತ್ತೆ, ದಾನಪತ್ರ ನಿಮ್ಮ ಹತ್ರ ಇದೆಯಾ?"

"ಇಲ್ಲೆ."

ಇಲ್ಲೇ! ಆಗಲೇ ಕಾರಿನ ಕೀ ಕೈಗೆತ್ತಿಕೊಂಡೆ. "ಹಾಗಾದ್ರೆ ಈಗಲೇ ಬರ್ತೀನಿ ಅತ್ತೆ!"

"ಬಾ ತಮಾ," ಅಂದರು, ಸ್ವಲ್ಪ ಆಶ್ಚರ್ಯದಿಂದ.

ಬೆಳಗಿನ ಪಾಠವನ್ನು ಸಂಜೆಗೆ ಹಾಕಿ ಕಾರು ಹತ್ತಿದೆ. ಅತ್ತೆ ಬಿಸಿ ದೋಸೆ ಹಾಕಿದರು. ಅದರ ಮೇಲೆ ಕಾಫಿ ಆಯಿತು. ಊರಿನ ಸುದ್ದಿಯೆಲ್ಲ ಮುಗಿಯಿತು. ಕೊನೆಗೆ ಕೈ ಒರೆಸಿಕೊಂಡು ಕೇಳಿದೆ: "ಅತ್ತೆ, ಪತ್ರ?"

"ಇಲ್ಲೆ ಹೇಳಿದ್ನಲಾ."

"ಇಲ್ಲೇ ಅಂದ್ರಿ. ಇಲ್ಲೇ ಅಂದ್ರೆ ಎಲ್ಲಿ? ಪೆಟ್ಟಿಗೇಲಾ, ಬೀರುವಲ್ಲಾ?"

"ಎಲ್ಲೂ ಇಲ್ಲೆ!"

"ಎಲ್ಲೂ ಇಲ್ಲೇನಾ?"

ಒಳಗಿನಿಂದ ಮಾವನವರು ನಗುತ್ತಾ ಎದ್ದು ಬಂದರು. ಅವರ ಮನೆಯ ಮಾತಿನಲ್ಲಿ 'ಇಲ್ಲೆ' ಅಂದರೆ 'ಇಲ್ಲ' ಅಂತ ಬಿಡಿಸಿ ಹೇಳಿದರು. ಸಾಗರದ ನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ, ಅಲ್ಲಿಗೆ ಅರ್ಜಿ ಹಾಕು ಅಂದರು. ಸಿಕ್ಕಿತು ಕೂಡ. ಆದರೆ ಅವತ್ತು ಹೊರಡುವಾಗ ಅತ್ತೆ ಗೇಟಿನ ತನಕ ಬಂದು, ನಿಜವಾದ ಕಾಳಜಿಯಿಂದ ಕೇಳಿದರು:

"ತಮಾ, ನಮ್ಮ ಮಾತೇ ತಿಳೀತಿಲ್ಲೆ ನಿಂಗೆ. ಅಲ್ಲಿ ಹೋಗಿ ಇಂಗ್ಲಿಷ್ ಎಂತ ಮಾತಾಡ್ತೆ?"

ವಕೀಲೆ ಹುಡುಕಿದ ಬಾಡಿಗೆದಾರ

ಟೈಲರ್ ಬಾಡಿಗೆಯನ್ನು ಮೊಬೈಲಿನಿಂದ ನೇರ ಹೆಂಡತಿಯ ಖಾತೆಗೆ ಹಾಕುತ್ತಿದ್ದರು. ಒಂದು ತಿಂಗಳೂ ತಪ್ಪಿಸಿರಲಿಲ್ಲ. ಇದಕ್ಕಿಂತ ಒಳ್ಳೆ ಸಾಕ್ಷಿ ಏನು ಬೇಕು ಅಂತ ಕುಣಿಯುತ್ತಾ ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿದೆ. ಎರಡೇ ದಿನಕ್ಕೆ ವಕೀಲೆಯಿಂದ ಮೇಲ್ ಬಂತು.

"ಎಲ್ಲವೂ ಚೆನ್ನಾಗಿದೆ. ಆದರೆ ಶ್ರೀ ಶಟರ್ ಬಿಗಿ ಅವರ ಬಾಡಿಗೆ ಕರಾರು ಬಂದಿಲ್ಲ. ಆಮೇಲಿನ ತಿಂಗಳುಗಳಲ್ಲಿ ಹಣ ಕಟ್ಟಿರುವ ಶ್ರೀ ಶಟರ್ ಇನ್ನೂ ಬಿಗಿ ಅವರು ಇವರ ಸಹೋದರರೇ?"

ನನಗೆ ತಲೆಬುಡ ತಿಳಿಯಲಿಲ್ಲ. ಸೀದಾ ಟೈಲರ್ ಹತ್ತಿರ ಓಡಿದೆ. ಅವರು ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಹೇಳಿದರು:

"ಅಂಗಡಿ ಶಟರ್ ಬಿಗಿ ಆಗಿತ್ತು ಸಾರ್. ಎತ್ತೋಕೇ ಬರ್ತಿರ್ಲಿಲ್ಲ. ಅಮ್ಮಾವ್ರಿಗೆ ಫೋನ್ ಮಾಡಿದ್ರೆ ಡ್ಯೂಟೀಲಿ ಇರ್ತಾರೆ. ದುಡ್ಡು ಹಾಕೋವಾಗ ಕೆಳಗೆ ಏನಾದ್ರೂ ಬರೆಯೋಕೆ ಜಾಗ ಕೊಡ್ತಾರಲ್ಲ, ಅಲ್ಲಿ ಬರೆದ್ರೆ ನೋಡೇ ನೋಡ್ತಾರೆ ಅಂತ ಬರೆದೆ."

ಅವರ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಸ್ಟೇಟ್‌ಮೆಂಟಿನ ತುಂಬಾ ಸಾಲಾಗಿ ನಿಂತಿತ್ತು. ಇಂಗ್ಲೆಂಡಿನಲ್ಲಿ ಹೆಂಡತಿ ಇದನ್ನು ಕೇಳಿ ನಗುತ್ತಾ ಕೂತವಳು ಏಳಲೇ ಇಲ್ಲ. ಶಟರ್ ಅಂದರೆ ಅಂಗಡಿ ಬಾಗಿಲು, ಬಿಗಿ ಅಂದರೆ ಎತ್ತಲು ಬಾರದ್ದು ಅಂತ ಚೆನ್ನಾಗಿ ವಿವರಿಸಿ ಉತ್ತರ ಬರೆದಳು. ವಕೀಲೆಯಿಂದ ಮರುದಿನವೇ ಮಾರುತ್ತರ:

"ಧನ್ಯವಾದ, ಅರ್ಥವಾಯಿತು. ಕೊನೆಯ ತಿಂಗಳು ಹಣ ಕಟ್ಟಿರುವ ಶ್ರೀಮತಿ ನಾನೇ ಎಣ್ಣೆ ಹಾಕಿದೆ ಅವರು ಯಾರೆಂದು ಮಾತ್ರ ತಿಳಿಸಿ."

ಪಾರ್ಲರಿನಲ್ಲಿ ಕಣ್ಣೀರು

ಬ್ಯೂಟಿ ಪಾರ್ಲರ್ ಮೇಡಂ ಹೊಸ ಕರಾರಿಗೆ ಸಹಿ ಹಾಕಲು ಸುತರಾಂ ಒಪ್ಪಲಿಲ್ಲ. "ನೀವು ಹೋಗ್ತೀರಿ, ಹಿಂದೆಯೇ ಬಿಲ್ಡಿಂಗ್ ಮಾರ್ತೀರಿ. ನಾನು ಕುರ್ಚಿ, ಕನ್ನಡಿ ಹೊತ್ಕೊಂಡು ಎಲ್ಲಿಗೆ ಹೋಗ್ಲಿ?"

"ಇಲ್ಲ ಮೇಡಂ, ಉಲ್ಟಾ! ನೀವು ಇಲ್ಲಿ ಇದ್ರೇನೇ ನಾನು ಅಲ್ಲಿಗೆ ಹೋಗೋದು. ನಿಮ್ಮ ಬಾಡಿಗೆ ತೋರಿಸಿಯೇ ನನಗೆ ವೀಸಾ."

ಅವರು ಒಂದು ಕ್ಷಣ ಯೋಚಿಸಿದರು. ಮುಖ ಅರಳಿತು. "ಅಂದ್ರೆ ನಿಮ್ಮಿಬ್ಬರ ಸಂಸಾರ ನನ್ನ ಕೈಲಿದೆ ಅನ್ನಿ!"

ಸರಸರ ಸಹಿ ಹಾಕಿದರು. ನಾನು ಎದ್ದರೆ ಕೂರಿಸಿದರು. "ಎಂತ ಹುಬ್ಬು ಸಾರ್ ಇದು? ಇದನ್ನ ಹೊತ್ಕೊಂಡು ಫಾರಿನ್‌ಗೆ ಹೋಗ್ತೀರಾ? ಕೂತ್ಕೊಳ್ಳಿ, ನನ್ನ ಕಡೆಯಿಂದ ಫ್ರೀ."

ಸಹಿ ಸಿಕ್ಕಿದ ಸಂಭ್ರಮದಲ್ಲಿ ಬೇಡ ಅನ್ನಲಾಗಲಿಲ್ಲ. ಹಲ್ಲಿನಲ್ಲಿ ದಾರ ಕಚ್ಚಿ ಅವರು ಹುಬ್ಬಿನ ಕೂದಲು ಕೀಳಲು ಶುರು ಮಾಡಿದ ಮೇಲೆ ತಿಳಿಯಿತು, ಹೆಂಗಸರು ಎಷ್ಟು ಗಟ್ಟಿಗಿತ್ತಿಯರು ಅಂತ. ಎರಡೂ ಕಣ್ಣಿನಿಂದ ನೀರು ಧಾರಾಕಾರ. ಅಷ್ಟರಲ್ಲಿ ಗಿರಾಕಿಯೊಬ್ಬರು ಒಳಗೆ ಬಂದರು. ಕುರ್ಚಿಯಲ್ಲಿ ಅಳುತ್ತಿರುವ ಕಟ್ಟಡದವರ ಅಳಿಯ, ಮಡಿಲಲ್ಲಿ ಸಹಿ ಮಾಡಿದ ಛಾಪಾ ಕಾಗದ. ನೋಡಿದ್ದೇ ಅವರು ಮೇಡಂ ಕಿವಿಯಲ್ಲಿ ಕೇಳಿದರು:

"ಪಾಪ, ಎಷ್ಟಕ್ಕೆ ಮಾರಿದ್ರಂತೆ?"

ಹೆಡ್ ಮಾಸ್ಟ್ರ ಇಂಗ್ಲಿಷ್

ಮಹಡಿಯ ಹೆಡ್ ಮಾಸ್ಟ್ರು "ನಾನು ಇಲ್ಲಿ ಬಾಡಿಗೆಗೆ ಇದ್ದೇನೆ" ಅಂತ ಒಂದು ಪತ್ರ ಕೊಡಬೇಕಿತ್ತು, ಅಷ್ಟೇ. ಅವರು ಎರಡು ಪುಟ ಬರೆದರು. ಅದ್ಭುತವಾದ ಇಂಗ್ಲಿಷ್. ಒಂದು ಸಾಲಿನ ಅರ್ಥ ಹೀಗಿತ್ತು: "ಈ ಮನೆಯನ್ನು ನಾನೆಂದೂ ಪರರದ್ದೆಂದು ಭಾವಿಸಿಲ್ಲ, ನನ್ನದೆಂದೇ ಅನುಭವಿಸುತ್ತಿದ್ದೇನೆ."

ವಕೀಲೆ ಗಾಬರಿಯಾದರು. ಬಾಡಿಗೆದಾರರು ಮನೆಯೇ ತಮ್ಮದು ಅನ್ನುತ್ತಿದ್ದಾರಲ್ಲ!

ಮಾಸ್ಟ್ರಿಗೆ ಕೈಮುಗಿದೆ. ಅವರು ಸ್ವಲ್ಪ ಮುನಿಸಿನಿಂದ ಇನ್ನೊಂದು ಬರೆದರು: "ಈ ಮನೆಗೂ ನನಗೂ ಯಾವುದೇ ಸಂಬಂಧವಿಲ್ಲ."

"ಮಾಸ್ಟ್ರೇ, ಸ್ವಲ್ಪ ಸಂಬಂಧ ಇರ್ಲಿ."

ಆಗ ಒಳಗಿನಿಂದ ಅವರ ಹೆಂಡತಿ ಬಂದು, ಕಾಗದ ಎಳೆದುಕೊಂಡು ಒಂದೇ ಸಾಲು ಬರೆದರು: "ನಾವು ಈ ಮನೆಯಲ್ಲಿ ಬಾಡಿಗೆಗೆ ಇದ್ದೇವೆ, ತಿಂಗಳು ತಿಂಗಳು ಕೊಡುತ್ತೇವೆ." ನಾನು ಆ ಅಮ್ಮನ ಕಾಲಿಗೆ ಬೀಳುವುದೊಂದು ಬಾಕಿ.

ಮಾಸ್ಟ್ರು ಅದನ್ನು ಓದಿ, ಸಹಿ ಹಾಕಿ, ಪೆನ್ನು ಮುಚ್ಚುತ್ತಾ ಹೇಳಿದರು: "ವ್ಯಾಕರಣ ಸರಿಯಿದೆ. ಭಾವನೆ ಇಲ್ಲ. ಹತ್ತಕ್ಕೆ ಐದು."

ಬಂತು! ಬಂತು!

ಎಲ್ಲಾ ಹೋಯಿತು. ಇನ್ನು ಕಾಯುವುದು. ಪಾಠ ಹೇಳುವಾಗಲೂ ಫೋನ್ ತೊಡೆಯ ಮೇಲೇ ಇರುತ್ತಿತ್ತು.

ಅವತ್ತು ಮೆಡಿಕಲ್ ಶಾಪ್ ನಡೆಸುವ ಅಕ್ಕನವರೊಬ್ಬರಿಗೆ ಕುಪ್ಪಳ್ಳಿ ರಸ್ತೆಯಲ್ಲಿ ಕಾರು ಕಲಿಸುತ್ತಿದ್ದೆ. ಬಹಳ ಪುಕ್ಕಲು ಜೀವ, ಎದುರಿಗೆ ಸೈಕಲ್ ಕಂಡರೂ ಕಣ್ಣು ಮುಚ್ಚುವವರು. ಹಿಂದೆ ಒಂದು ಬಸ್ಸು ಹಾರ್ನ್ ಹೊಡೆಯುತ್ತಾ ಬರುತ್ತಿತ್ತು. ಫೋನ್ ನಡುಗಿತು. ನೋಡಿದೆ. ಅರ್ಜಿ ಒಪ್ಪಿಗೆಯಾಗಿದೆ!

"ಬಂತು! ಬಂತು! ಬಂತು!" ಅಂತ ಕಿರುಚಿದೆ.

ಅಕ್ಕನವರು "ಅಯ್ಯೋ ಏನು ಬಂತು!" ಅಂತ ಕಿರುಚಿ ಬ್ರೇಕ್ ಮೇಲೆ ಎದ್ದೇ ನಿಂತರು. ಕಾರು ರಸ್ತೆ ಮಧ್ಯೆ ಅಡ್ಡಡ್ಡ ನಿಂತಿತು. ಬಸ್ಸು ಕಿರ್ರೆಂದು ಹಿಂದೆಯೇ ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಕಂಡಕ್ಟರ್ ಕೆಂಪಗಾಗಿ ಇಳಿದು ಬಂದ.

"ಏನ್ರೀ ಇದು? ಏನ್ ಬಂತು ಅಂತ ನಿಲ್ಸಿದ್ರಿ?"

"ವೀಸಾ ಬಂತು! ಹೆಂಡ್ತಿ ಹತ್ರ ಹೋಗೋಕೆ!"

ಅವನ ಕೋಪ ಎಲ್ಲಿ ಹೋಯಿತೋ. ತಿರುಗಿ ಬಸ್ಸಿನ ಕಡೆ ಕೂಗಿದ: "ಏ, ಏನೂ ಇಲ್ಲ ಕಣ್ರೋ, ಇವ್ರು ಹೆಂಡ್ತಿ ಮನೆಗೆ ಹೊರಟ್ರು!" ಕಿಟಕಿಗಳಿಂದ ಚಪ್ಪಾಳೆ, ಶಿಳ್ಳೆ. ಒಬ್ಬ ಅಜ್ಜಿ ಕುತ್ತಿಗೆ ಹೊರಹಾಕಿ, "ಹತ್ತೋ ಮಗಾ, ಈ ಬಸ್ಸಲ್ಲೇ ಬಿಡ್ತಾರೆ, ಟಿಕೆಟ್ ನಾ ಕೊಡ್ತೀನಿ," ಅಂದರು.

ಕೂತಲ್ಲಿಂದಲೇ ಹೆಂಡತಿಗೆ ವಿಡಿಯೋ ಕಾಲ್ ಮಾಡಿದೆ. ಅವಳಿಗೂ ಮೇಲ್ ಬಂದಿತ್ತು. ಅಳುತ್ತಿದ್ದಳು, ನಗುತ್ತಿದ್ದಳು, ಎರಡೂ ಒಟ್ಟಿಗೆ. ಕಂಡಕ್ಟರ್ ನನ್ನ ಹೆಗಲ ಮೇಲಿನಿಂದ ಫೋನಿನೊಳಗೆ ಇಣುಕಿ ಕೈಬೀಸಿದ, ಸ್ಟೇರಿಂಗ್ ಬಿಡದೆ ಅಕ್ಕನವರೂ ಇಣುಕಿದರು.

"ಕೇಳ್ರೀ," ಅಂದಳು ಹೆಂಡತಿ ಕಣ್ಣೊರೆಸಿಕೊಂಡು, "ನಿಮ್ಮ ಇಂಡಿಯಾ ಲೈಸೆನ್ಸು ಇಲ್ಲಿ ಒಂದೇ ವರ್ಷ ನಡೆಯೋದಂತೆ. ಆಮೇಲೆ ಮೊದಲಿನಿಂದ ಪರೀಕ್ಷೆ. ಅದಕ್ಕೆ ಈಗಲೇ ನಿಮ್ಮ ಹೆಸರು ಬರೆಸಿಬಿಟ್ಟೆ."

"ಎಲ್ಲಿಗೆ?"

"ಡ್ರೈವಿಂಗ್ ಸ್ಕೂಲಿಗೆ!"

ನಾನು ಬಾಯಿ ತೆರೆಯುವ ಮೊದಲೇ ಅಕ್ಕನವರು ಬೆಚ್ಚಿ ನನ್ನ ಕಡೆ ತಿರುಗಿದರು:

"ಸಾರ್! ಹಾಗಾದ್ರೆ ನಿಮಗೂ ಬರಲ್ವಾ?"