ಚನ್ನರಾಯಪಟ್ಟಣಕ್ಕೆ ಮುಂದಾಗಿ ಹೋದ ಚೀಲ

ರಾಹುಕಾಲವನ್ನು ನಾನು ನಂಬುವುದಿಲ್ಲ. ನಂಬುವುದಿಲ್ಲ ಎಂದರೆ ನಂಬುವುದಿಲ್ಲ. ಹಾಸನದ ನಮ್ಮ ಮನೆಯಲ್ಲಿ ಇದನ್ನು ಎದೆ ತಟ್ಟಿ ಹೇಳುವ ಗಂಡಸು ನಾನೊಬ್ಬನೇ (ಮನೆಯಲ್ಲಿರುವ ಗಂಡಸೂ ನಾನೊಬ್ಬನೇ).

ಕಚ್ಛ್‌ನ ಉಪ್ಪಿನ ಮರುಭೂಮಿಯವರೆಗೆ ಸ್ವಂತ ಜೀಪಿನಲ್ಲಿ ಹೋಗಿಬರಬೇಕೆಂಬುದು ನನ್ನ ಹತ್ತು ವರ್ಷದ ಆಸೆ. ಅದಕ್ಕೆಂದೇ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಹಳೇ ಜೀಪೊಂದನ್ನು ತಂದು ಆರು ತಿಂಗಳು ಮದುಮಗಳಂತೆ ಸಿಂಗರಿಸಿದೆ. ನೆತ್ತಿಯ ಮೇಲೆ ಬಿಚ್ಚಿದರೆ ಕೋಣೆಯಾಗುವ ಟೆಂಟು, ಒಳಗೆ ಎರಡನೇ ಬ್ಯಾಟರಿ, ಪುಟ್ಟ ಫ್ರಿಜ್ಜು, ನಲವತ್ತು ಲೀಟರಿನ ನೀರಿನ ಟ್ಯಾಂಕು, ಅದಕ್ಕೊಂದು ಹಿತ್ತಾಳೆ ನಲ್ಲಿ.

"ಅಡುಗೆಮನೆ ನಲ್ಲಿ ಸೋರಕ್ಕೆ ಶುರುವಾಗಿ ಮೂರು ತಿಂಗ್ಳಾಯ್ತು" ಎಂದಳು ನನ್ನ ಹೆಂಡತಿ ಶಾಂತಕುಮಾರಿ. "ಜೀಪಿಗೆ ಮಾತ್ರ ಇತ್ತಾಳೆದು!"

ಕೊನೆಗೆ ಒಂದು ಷರತ್ತು ಹಾಕಿದಳು. "ಭಾನುವಾರ ಒಂದಿನ ಓಡಿಸಿ ತೋರ್ಸಿ. ಯಾರ ಸಹಾಯಾನೂ ಇಲ್ದೆ ಮನೆಗೆ ವಾಪಸ್ ಬಂದ್ರೆ ನಾನೂ ಕಚ್ಛ್‌ಗೆ ಬತ್ತೀನಿ. ಹೊರಗಿನೋರು ಒಬ್ರು ಕೈ ಹಾಕಿದ್ರೂ ಆ ಟೆಂಟು ಇಳೀತದೆ. ಜೀಪು ನಮ್ಮಣ್ಣನ ತ್ವಾಟಕ್ಕೆ ಹುಲ್ಲು ಹೊರಾಕೆ ಹೋಯ್ತದೆ."

ಒಪ್ಪಿದೆ. ಹುಲ್ಲು ಹೊರುವ ಜೀಪಲ್ಲ ಇದು!

ಅಷ್ಟರಲ್ಲಿ ಹಳ್ಳಿಮೈಸೂರಿನಿಂದ ಅತ್ತೆ ಮಲ್ಲಿಗಮ್ಮನವರು ಪಂಚಾಂಗ ಸಮೇತ ಆಗಮಿಸಿದರು. "ಒಳ್ಳೆ ಗಳಿಗೆ ಇರಾದು ಬುಧವಾರ ಕಣ್ರಪ್ಪಾ. ಅವತ್ತು ಒರಡಾಕಾಗ್ದಿದ್ರೆ ನಿಮ್ದೊಂದು ಸಾಮಾನ ದಾರೀಲಿರೋರ ಮನೇಲಿ ಮಡಗ್ಬುಡಿ ಅಳೀಂದ್ರೆ. ಆಮ್ಯಾಕೆ ಓಗ್ತಾ ಎತ್ಕಂಡೋಗಿ. ಬುಧವಾರನೇ ಒಂಟಂಗೆ ಲೆಕ್ಕ."

ಸಾಮಾನು ಇಡಲು ಗೊತ್ತಾದ ಮನೆ ಚನ್ನರಾಯಪಟ್ಟಣದ ನಾದಿನಿ ಭಾನುಪ್ರಿಯಾಳದು.

"ಕಚ್ಛ್ ಇರೋದು ಉತ್ತರಕ್ಕೆ. ಚನ್ನರಾಯಪಟ್ಟಣ ಪೂರ್ವಕ್ಕೆ" ಎಂದೆ.

"ಉತ್ತರಕ್ಕೆ ನಮ್ಮೋರು ಯಾರವ್ರೆ?" ಎಂದಳು ಶಾಂತಾ.

ನನಗೆ ರೇಗಿಹೋಯಿತು. ಸೀಟಿನ ಕೆಳಗೆ ಕೈಗೆ ಸಿಕ್ಕಿದ ಕರೀ ಚೀಲವೊಂದನ್ನು ಎಳೆದು ಕೊಟ್ಟೆ.

"ಒಳಗೇನೈತೆ ನೋಡಿ ಕೊಡ್ರೀ" ಎಂದಳು ಶಾಂತಾ.

"ಹಗ್ಗ ಇರತ್ತೆ. ನನ್ನ ಜೀಪಿನಲ್ಲಿ ಎಲ್ಲೆಲ್ಲಿ ಏನೇನಿದೆ ಅಂತ ನನಗೆ ಬಾಯಿಪಾಠ" ಎಂದೆ. ಅತ್ತೆ ಚೀಲಕ್ಕೆ ಕುಂಕುಮವಿಟ್ಟು, ಬಸ್ಸು ಹತ್ತಿ, ಚೀಲದ ಜೊತೆ ತಾವೂ ಕಿರಿಮಗಳ ಮನೆ ಸೇರಿದರು.

ಭಾನುವಾರ ಬೆಳಗ್ಗೆ ಚೀಲ ತರುವ ನೆಪದಲ್ಲಿ ಪರೀಕ್ಷಾ ಪ್ರಯಾಣ ಹೊರಟೆವು. ಶಾಂತಿಗ್ರಾಮ ದಾಟುತ್ತಿದ್ದಂತೆ ರಸ್ತೆ ಪಕ್ಕದಲ್ಲಿ ಒಣಗಿದ ಕೆರೆಯಂಗಳ ಕಂಡಿತು. ಥೇಟ್ ಮರುಭೂಮಿ! ಮರಳಿನಲ್ಲಿ ಓಡಿಸುವ ಮುಂಚೆ ಟೈರಿನ ಗಾಳಿ ಅರ್ಧಕ್ಕರ್ಧ ಇಳಿಸಬೇಕು, ಆಗ ಟೈರು ಅಗಲವಾಗಿ ಹರಡಿಕೊಂಡು ಚಕ್ರ ಹೂತುಕೊಳ್ಳುವುದಿಲ್ಲ. ಹೆಂಡತಿಗೆ ಈ ಶಾಸ್ತ್ರವನ್ನೆಲ್ಲ ವಿವರಿಸಿ, ನಾಲ್ಕೂ ಟೈರುಗಳಿಂದ ಬುಸ್ಸೆಂದು ಗಾಳಿ ಬಿಟ್ಟೆ. ಕೆರೆಯಂಗಳದಲ್ಲಿ ಮೂರು ಸುತ್ತು ಹೊಡೆದೆ. ಅವಳ ಮುಖದಲ್ಲೂ ಒಂದು ನಗು ಕಂಡಿತು. ನಿಜ ಹೇಳುತ್ತೇನೆ, ಮದುವೆಯಾದಮೇಲೆ ನನಗೆ ಅಷ್ಟು ಸಂತೋಷವಾಗಿದ್ದು ಅವತ್ತೇ.

"ಇನ್ನೇನು, ಕಂಪ್ರೆಸರ್‌ನಿಂದ ಗಾಳಿ ತುಂಬಿಕೊಂಡು ಹೈವೇ ಹತ್ತೋದು" ಎಂದು ಸೀಟಿನ ಕೆಳಗೆ ಕೈ ಹಾಕಿದೆ. ಹಗ್ಗ ಸಿಕ್ಕಿತು. ಕುಂಕುಮ ಇಡಿಸಿಕೊಂಡು ಬಸ್ಸು ಹತ್ತಿದ್ದು ಕಂಪ್ರೆಸರ್!

ಶಾಂತಾ ಆಧಾರ್ ಕಾರ್ಡ್ ಇದೆಯೇ ಎಂದು ಬ್ಯಾಗಿನಲ್ಲಿ ನೋಡಿಕೊಂಡಳು. "ನಮ್ ಚೀಲ ನಾವು ತರೋದು ಸಹಾಯದ ಲೆಕ್ಕಕ್ಕೆ ಬರಲ್ಲ. ನಂಗೆ ಬಸ್ಸು ಫ್ರೀ. ನೀವು ನಿಮ್ ಜೀಪ್ ಕಾಯ್ಕಂಡಿರಿ" ಎಂದು ರಸ್ತೆಗೆ ನಡೆದೇಬಿಟ್ಟಳು.

ಮಧ್ಯಾಹ್ನ ಕುರಿ ಹೊಡೆದುಕೊಂಡು ಚೆನ್ನಯ್ಯ ಎಂಬ ಯಜಮಾನರು ಬಂದರು.

"ನಾಲ್ಕೂ ಪಂಚರ್ರಾ ಸಾ?"

"ಇಲ್ಲ, ನಾನೇ ಗಾಳಿ ಬಿಟ್ಟೆ."

"ನೀವೇ ಬುಟ್ರಾ?" ಅವರು ಟೈರನ್ನೂ ನನ್ನನ್ನೂ ಮತ್ತೊಮ್ಮೆ ನೋಡಿದರು. "ಮನೇಲಿ ಎಲ್ಲಾ ಚೆಂದಾಗವ್ರಾ ಸಾ?"

ಸೈಕಲ್ ಪಂಪು ತರುತ್ತೇನೆಂದರು. ಬೇಡವೆಂದೆ. ಅವರ ಕೈಯಿಂದ ಒಂದು ಹನಿ ಗಾಳಿ ಹೋದರೂ ನನ್ನ ಟೆಂಟು ಇಳಿಯುತ್ತದೆ. ಎರಡು ಗಂಟೆಯಾಯಿತು, ಮೂರಾಯಿತು. ನಾಲ್ಕೂ ಇಪ್ಪತ್ತಕ್ಕೆ ಶಾಂತಾಳ ಫೋನು ಬಂತು. ಹಿಂದೆ ತಟ್ಟೆ ತೊಳೆಯುವ ಸದ್ದು.

"ರೀ, ಭಾನು ಕೋಳಿ ಸಾರು ಮಾಡಿದ್ಲು, ಊಟ ತಡ ಆಯ್ತು. ಈಗ ನಾಲ್ಕೂವರೆಗೆ ರಾಹುಕಾಲ ಹತ್ತುತ್ತಂತೆ. ಅಮ್ಮ ಹೊಸ್ಲು ದಾಟಕ್ಕೆ ಬಿಡ್ತಿಲ್ಲ. ಆರಕ್ಕೆ ಹೊರಡ್ತೀನಿ."

"ರಾಹುಕಾಲ ಅನ್ನೋದೆಲ್ಲ ಶುದ್ಧ..." ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು.

ತಿರುಗಿ ನೋಡಿದರೆ ಚೆನ್ನಯ್ಯ! ಬೇಡವೆಂದರೂ ಮನೆಗೆ ಹೋಗಿ ಪಂಪು ತಂದಿದ್ದರು. ಜೊತೆಗೆ ನೋಡಲು ಬಂದ ಊರಿನವರು ಏಳೆಂಟು ಜನ. ಹೆಂಡತಿಗೆ ಹೆದರಿ ಬೇಡವೆನ್ನುತ್ತಿದ್ದೇನೆಂದು ಅಷ್ಟು ಜನರ ಮುಂದೆ ಹೇಗೆ ಹೇಳಲಿ?

"ಒಡೀಲಾ ಸಾ ಗಾಳಿಯಾ?" ಎನ್ನುತ್ತಾ ಚೆನ್ನಯ್ಯ ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಬೇಡ, ಬೇಡ. ಮುಟ್ಟಬೇಡಿ!"

"ಯಾಕ್ ಸಾ?"

ಗಡಿಯಾರ ನೋಡಿದೆ. ನಾಲ್ಕೂ ಮೂವತ್ತೆರಡು.

"ರಾಹುಕಾಲ ಕಣ್ರೀ" ಎಂದೆ. ಏಳೆಂಟು ಜನವೂ ಹೌದೌದೆಂದು ತಲೆಯಾಡಿಸಿ, ನನ್ನ ಜೊತೆ ಆರು ಗಂಟೆಯವರೆಗೆ ಕಾಯಲು ಜೀಪಿನ ನೆರಳಿನಲ್ಲಿ ಕೂತರು.