ಒಂದೂವರೆ ಚದರದ ಬಿಲ್ಡರ್

ನಮ್ಮ ಫ್ಲಾಟಿಗೆ ದುಡ್ಡು ಕೊಟ್ಟದ್ದು ಹದಿನಾಲ್ಕು ಚದರಕ್ಕೆ. ನಾನು ದಿನಾ ಕಸ ಗುಡಿಸುವುದು ಹತ್ತು ಚದರ. ಚದರವೆಂದರೆ ನೂರು ಚದರಡಿ. ಚದರಡಿಗೆ ಐದು ಸಾವಿರದಂತೆ ಹಿಡಿದರೂ ಉಳಿದ ನಾಲ್ಕು ಚದರಕ್ಕೆ ಇಪ್ಪತ್ತು ಲಕ್ಷವಾಯಿತು. ಆ ಇಪ್ಪತ್ತು ಲಕ್ಷದ ಜಾಗ ಎಲ್ಲಿದೆ ಎಂದು ಕೇಳಿದರೆ ಬಿಲ್ಡರ್ ಭೋಜರಾಜರ ಆಫೀಸಿನವರು, “ಅದು ಸೂಪರ್ ಬಿಲ್ಟಪ್ ಮೇಡಂ” ಎಂದು ನಗುತ್ತಾರೆ. ಮೆಟ್ಟಿಲು, ಲಿಫ್ಟು, ಕಾರಿಡಾರ್, ಈಜುಕೊಳ ಎಲ್ಲದರಲ್ಲೂ ನಮ್ಮ ಪಾಲಿದೆಯಂತೆ. ಇರಬಹುದು. ಈಜುಕೊಳದಲ್ಲಿ ಹಪ್ಪಳ ಒಣಗಿಸುವುದಕ್ಕಾಗುತ್ತದೆಯೇ?

ಇರುವ ಹತ್ತು ಚದರವನ್ನಾದರೂ ಬುದ್ಧಿಯಿಟ್ಟು ಕಟ್ಟಿದ್ದಾರೆಯೇ ಎಂದರೆ ಅದೂ ಇಲ್ಲ. ನಕ್ಷೆಯಲ್ಲಿ ಮಂಚ, ಬೀರು, ಎರಡು ಹೂಕುಂಡ ಎಲ್ಲ ಬರೆದು ತೋರಿಸಿದ್ದರು. ನಮ್ಮ ಮಂಚ ತಂದು ಹಾಕಿದಾಗ ಗೊತ್ತಾಯಿತು, ನಕ್ಷೆಯ ಮಂಚ ಬೊಂಬೆಗಳು ಮಲಗುವಂಥದ್ದು! ಬಟ್ಟೆ ಒಗೆಯುವ ಮಿಷನ್ನಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ಬಚ್ಚಲಿನ ಕತೆ ಕೇಳಲೇಬೇಡಿ. ಬಾಗಿಲು ತೆಗೆದರೆ ಕಮೋಡಿಗೆ ಢಿಕ್ಕಿ. ನೆಲಕ್ಕೆ ವಾಟ ಕೊಟ್ಟಿರುವುದು ಮೋರಿಯ ಕಡೆಗಲ್ಲ, ಬೆಡ್‌ರೂಮಿನ ಕಡೆಗೆ. ಒಂದು ಚೊಂಬು ನೀರು ಸುರಿದರೆ ಅದು ನೆಟ್ಟಗೆ ಹೋಗಿ ಮಂಚದ ಕೆಳಗೆ ಮಲಗುತ್ತದೆ.

ಈ ಬಚ್ಚಲೇ ನನಗೆ ಮುಳುವಾಗುವುದರಲ್ಲಿತ್ತು. ಮಗಳು ನಳಿನಿಗೆ ಎಂಟು ತಿಂಗಳು ತುಂಬಿತ್ತು. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು ಎಂದು ನನ್ನ ಆಸೆ, ಅವಳ ಹಟ. ಅವಳ ಅತ್ತೆ ಕಾತ್ಯಾಯಿನಮ್ಮನವರದು ತುಮಕೂರಿನಲ್ಲಿ ಸ್ವಂತ ಮನೆ, ಹಂಡೆ ಹೂತ ಬಚ್ಚಲು.

“ಬೀಗ್ರೇ, ಬಾಣಂತಿಗೆ ಕೂರಿಸಿ ನೀರು ಹಾಕ್ಬೇಕು. ನಿಮ್ಮನೇಲಿ ಕೂರೋಕೆ ಜಾಗ ಇದೆಯಾ? ಗುರುವಾರ ಬಂದು ನೋಡ್ತೀನಿ. ಸರಿಯಾಗಿದ್ರೆ ಸರಿ, ಇಲ್ಲಾಂದ್ರೆ ಹುಡುಗೀನ ನಮ್ಮೂರಿಗೆ ಕರ್ಕೊಂಡು ಹೋಗ್ತೀನಿ” ಎಂದು ಫೋನಿನಲ್ಲಿ ಹೇಳಿಬಿಟ್ಟರು.

ಗುರುವಾರ ಬೆಳಗ್ಗೆ ನನ್ನ ಯಜಮಾನರು ಅವರನ್ನು ಕರೆತರಲು ಯಶವಂತಪುರ ಸ್ಟೇಷನ್ನಿಗೆ ಹೊರಟರು. ನಾನು ಒಬ್ಬಟ್ಟು ಬೇಯಿಸುತ್ತಿದ್ದೆ. ಆಗ ನನ್ನ ಮೈದುನ ಚಂದ್ರಹಾಸ ಹಾಲಿನ ಮಧ್ಯೆ ಏನನ್ನೋ ಮುಚ್ಚಿದ್ದ ಹಳೆಯ ಬೆಡ್‌ಶೀಟನ್ನು ಸರ್ರನೆ ಎಳೆದು, “ನೋಡಿ ಅತ್ತಿಗೆ, ಕ್ಷೇತ್ರಾಕರ್ಷಕ!” ಎಂದ.

ಚಂದ್ರಹಾಸ ಲಿಫ್ಟು ರಿಪೇರಿ ಕೆಲಸದಿಂದ ನಿವೃತ್ತನಾದವನು. ಮದುವೆಯಾಗಲಿಲ್ಲ, ಯಂತ್ರಗಳನ್ನು ಕಟ್ಟಿಕೊಂಡಿದ್ದಾನೆ. ಹೋದ ವರ್ಷ ಅವನು ಮಾಡಿದ ಸೊಳ್ಳೆ ಓಡಿಸುವ ಯಂತ್ರಕ್ಕೆ ಊರ ಬಾವಲಿಗಳೆಲ್ಲ ಬಂದು ಸೇರಿದ್ದವು. ಈಗಿನದು ಟೀವಿಯ ಹಳೆಯ ಡಿಶ್ಶು, ತಾಮ್ರದ ತಂತಿ, ಆಟೋ ಮೀಟರು ಮತ್ತು...

“ಅದು ನನ್ನ ಮಿಕ್ಸಿ ಅಲ್ವೇನೋ!”

“ಮಿಕ್ಸಿ ಅಲ್ಲ ಅತ್ತಿಗೆ, ಮೋಟಾರು ಮಾತ್ರ. ಜಾರುಗಳು ಹಾಗೇ ಇವೆ.”

“ಜಾರಲ್ಲಿ ಹೂವಿನ ಗಿಡ ಬೆಳೆಸ್ಲಾ?”

“ಕೋಪ ಮಾಡ್ಕೋಬೇಡಿ. ಜಾಗ ಅನ್ನೋದು ಕಂಬಳಿ ಇದ್ದ ಹಾಗೆ. ಎಳೆದರೆ ಬರುತ್ತೆ. ನಮ್ಮ ನಾಲ್ಕು ಚದರ ಹೊರಗೆ ಎಲ್ಲೆಲ್ಲಿ ಚೆಲ್ಲಿದೆಯೋ ಅದನ್ನೆಲ್ಲ ಈ ಯಂತ್ರ ಹುಡುಕಿ ಮನೆಯೊಳಗೆ ಎಳ್ಕೊಂಡು ಬರುತ್ತೆ. ಬೀಗರು ಬರೋ ಹೊತ್ತಿಗೆ ನಮ್ಮ ನಳಿನಿಗೆ ಬಾಣಂತಿ ಕೋಣೆ ರೆಡಿ!”

“ಒಂದೇ ಕಂಬಳಿ ಹೊದ್ದುಕೊಂಡು ತೊಂಬತ್ತು ಮನೆ ಮಲಗಿದೆಯಲ್ಲೋ. ನೀನು ಎಳೆದರೆ ಉಳಿದವರಿಗೆ ಚಳಿಯಾಗಲ್ವಾ?”

“ನಮ್ಮ ಪಾಲು ಮಾತ್ರ ಅತ್ತಿಗೆ!” ಎನ್ನುತ್ತ ಗುಂಡಿ ಒತ್ತಿಯೇಬಿಟ್ಟ.

ಆಟೋ ಮೀಟರಿನಲ್ಲಿ ‘ಬಾಕಿ 4’ ಎಂದು ಕೆಂಪಗೆ ಹೊಳೆಯಿತು. ಮಿಕ್ಸಿಯ ಮೋಟಾರು ಗರಗರ ಎಂದಿತು. ಟೀವಿಯ ಪಕ್ಕದ ಗೋಡೆ ಹೋಳಿಗೆಯ ಕಣಕದ ಹಾಗೆ ಹಿಗ್ಗಿತು. ಅಲ್ಲಿ ಎರಡು ಮೆಟ್ಟಿಲು ಬಂದು ಕುಳಿತವು! ಹತ್ತಿದರೂ ಎಲ್ಲಿಗೂ ಹೋಗದ ಮೆಟ್ಟಿಲು.

ನಳಿನಿ ಅದರ ಮೇಲೆ ಕುಳಿತು, “ಅಮ್ಮಾ, ಪರವಾಗಿಲ್ಲ, ಸೊಂಟಕ್ಕೆ ಹಿತವಾಗಿದೆ” ಎಂದಳು. ಅವಳು ಯಾವಾಗಲೂ ಚಿಕ್ಕಪ್ಪನ ಪಕ್ಷ.

ಆಮೇಲೆ ಕಾರಿಡಾರಿನ ತುಂಡೊಂದು ಬಂತು. ಜೊತೆಗೆ ಎದುರು ಮನೆ ಅನಸೂಯಮ್ಮನವರ ಚಪ್ಪಲಿ ಸ್ಟ್ಯಾಂಡು. ಆಮೇಲೆ ಬಂದದ್ದು ಈಜುಕೊಳ! ಗೇಣಗಲದ ನೀಲಿ ನೀರಿನ ಪಟ್ಟಿ, ಹಾಲಿನಿಂದ ಅಡುಗೆಮನೆಯ ತನಕ ಕಾಲುವೆಯ ಹಾಗೆ ಮಲಗಿಕೊಂಡಿತು. ಅದರಲ್ಲಿ ಯಾರದೋ ಈಜುವ ಟೋಪಿ ತೇಲುತ್ತಿತ್ತು. ಟೋಪಿಯವನು ಬರಲಿಲ್ಲವಲ್ಲ ಎಂದು ನಾನು ಸಮಾಧಾನಪಟ್ಟೆ.

ಕೊನೆಗೆ ಫ್ರಿಜ್ಜಿನ ಪಕ್ಕದಲ್ಲಿ ಲಿಫ್ಟಿನ ಒಂದು ಸೀಳು ಬಂದು ನಿಂತಿತು. ಒಬ್ಬಟ್ಟಿನ ಹಂಚಿನಷ್ಟು ಅಗಲ, ಆಳೆತ್ತರ. ಕನ್ನಡಿಯ ಚೂರು, ಒಂದೇ ಗುಂಡಿ. ಕಪಾಟಿನ ಹಾಗೆ ಅನುಕೂಲವಾಗಿದೆಯಲ್ಲ ಎಂದು ನಾನು ಒಬ್ಬಟ್ಟಿನ ಡಬ್ಬಿಯನ್ನು ಅದರಲ್ಲಿಟ್ಟೆ. ಚಂದ್ರಹಾಸನಿಗೆ ಗುಂಡಿ ಕಂಡರೆ ಬೆರಳು ತಡೆಯುವುದಿಲ್ಲ. ಒತ್ತಿದ. ಡಬ್ಬಿ ಮೇಲಕ್ಕೆ ಹೋಯಿತು!

“ನನ್ನ ಒಬ್ಬಟ್ಟು ಕಣೋ!”

“ಬರುತ್ತೆ ಅತ್ತಿಗೆ, ಬಂದೇ ಬರುತ್ತೆ.”

ಬಂತು. ಡಬ್ಬಿ ಮಾತ್ರ. ಒಳಗೆ ತುಪ್ಪದ ಜಿಡ್ಡು ಬಿಟ್ಟರೆ ಏನೂ ಇರಲಿಲ್ಲ. ಯಾವ ಮಹಡಿಯವರೋ, ಚೆನ್ನಾಗಿ ತೊಳೆದಾದರೂ ಕಳಿಸಬಾರದಿತ್ತೇ!

ಅಷ್ಟರಲ್ಲಿ ಬಾಗಿಲು ದಡದಡ ಬಡಿದ ಸದ್ದಾಯಿತು. ಅನಸೂಯಮ್ಮ. ಸೀರೆಯ ನೆರಿಗೆ ಎತ್ತಿ ಹಿಡಿದು ಏದುಸಿರು ಬಿಡುತ್ತಿದ್ದರು. ಅವರ ಹಿಂದೆ ಐದಾರು ಮನೆಯವರು.

“ಏನ್ರೀ ಇದು! ಮೆಟ್ಟಿಲು ಇಳೀತಾ ಇದ್ದೆ, ಮಧ್ಯೆ ಎರಡು ಮೆಟ್ಟಿಲೇ ಇಲ್ಲ! ಹಾರ್ಕೊಂಡು ಬಂದೆ. ಈ ವಯಸ್ಸಲ್ಲಿ ಹಾರ್ಬೇಕಾ ನಾನು?” ಎಂದವರು ಹಾಲಿನ ಕಡೆ ನೋಡಿ, “ಅಯ್ಯೋ, ಅಲ್ಲೇ ಇದೆ! ನನ್ನ ಚಪ್ಪಲೀನೂ ಇದೆ!” ಎಂದರು.

“ಅದು ಕಾನೂನು ಪ್ರಕಾರ ನಮ್ಮ ಪಾಲು” ಎಂದ ಚಂದ್ರಹಾಸ.

“ಚಪ್ಪಲಿಯೂ ನಿಮ್ಮ ಪಾಲಾ?”

ನಾನು ಸೌಟು ಕೆಳಗಿಟ್ಟೆ. “ಚಂದ್ರಾ, ಎಲ್ಲ ವಾಪಸ್ ಕಳಿಸು. ಹತ್ತು ಜನ ನಡೆಯೋ ಮೆಟ್ಟಿಲನ್ನ ಮನೇಲಿ ಇಟ್ಕೊಂಡು ನಾವು ಊಟ ಮಾಡೋಕಾಗಲ್ಲ.”

“ಮತ್ತೆ ನಳಿನಿ ಕೋಣೆ?”

“ಬೀಗರು ಕರ್ಕೊಂಡು ಹೋದ್ರೆ ಹೋಗ್ಲಿ” ಎಂದೆ. ಹೇಳಿದ್ದೇನೋ ಗಟ್ಟಿಯಾಗಿ. ಆದರೆ ನಳಿನಿಯ ಮುಖ ನೋಡುವುದಕ್ಕೆ ನನ್ನಿಂದಾಗಲಿಲ್ಲ.

ಅವನು ಮುಖ ಸಣ್ಣ ಮಾಡಿಕೊಂಡು ಯಂತ್ರದ ಚಕ್ರ ಹಿಂದಕ್ಕೆ ತಿರುಗಿಸಿದ. ಮೆಟ್ಟಿಲು ಹೋಯಿತು, ನೀರು ಹೋಯಿತು, ಲಿಫ್ಟು ಹೋಯಿತು, ಚಪ್ಪಲಿಯೂ ಹೋಯಿತು. ಯಂತ್ರ ಆರಿಸುವುದಕ್ಕೆ ಕೈ ಹಾಕಿದಾಗ ನನ್ನ ಕಣ್ಣು ಮೀಟರಿನ ಮೇಲೆ ಬಿತ್ತು.

“ನಿಲ್ಲು. ನಾಲ್ಕು ಚದರದಲ್ಲಿ ಎಳ್ಕೊಂಡು ಬಂದದ್ದು ಎಷ್ಟು?”

“ಎರಡೂವರೆ.”

“ಕಟ್ಟಡದಲ್ಲಿ ಇರೋದನ್ನೆಲ್ಲ ತಂದಾಯ್ತು. ಹಾಗಾದ್ರೆ ಇನ್ನೂ ಒಂದೂವರೆ ಎಲ್ಲಿ?”

ನಾನು ಹಿಟ್ಟಿನ ಗಿರಣಿ ನಡೆಸಿದವಳು. ಗೋಧಿ ಒಳಗೆ ಹೋಗಿ ಹಿಟ್ಟು ಕಡಿಮೆ ಬಂದರೆ, ಅದು ಗಾಳಿಯಲ್ಲಿ ಹಾರಿಹೋಗಿರುವುದಿಲ್ಲ. ಎಲ್ಲೋ ಒಂದು ಮೂಲೆಯಲ್ಲಿ ಕೂತಿರುತ್ತದೆ.

“ಆ ಒಂದೂವರೆಯನ್ನ ಮಾತ್ರ ಹುಡುಕು. ಜನ ಓಡಾಡೋ ಜಾಗ ಮುಟ್ಟಬೇಡ” ಎಂದೆ.

ಮೋಟಾರು ಕೆಮ್ಮಿತು, ಡಿಶ್ಶು ಸುತ್ತಿತು. ಗೋಡೆ ಬಲೂನಿನ ಹಾಗೆ ಊದಿ ಊದಿ, ಫಟ್ಟೆಂದು ಅಲ್ಲೊಂದು ತೇಗದ ಬಾಗಿಲು ಮೂಡಿತು. ತಣ್ಣನೆಯ ಎ.ಸಿ. ಗಾಳಿ ಹೊರಗೆ ಬಂತು. ಬಾಗಿಲು ತೆಗೆದೆವು. ದೊಡ್ಡ ಮೇಜು. ಅದರ ಹಿಂದೆ ಚರ್ಮದ ಕುರ್ಚಿ. ಅದರಲ್ಲಿ ಚಪಾತಿಯ ತುಂಡನ್ನು ಬಾಯಿಯ ಹತ್ತಿರ ಹಿಡಿದು ಕುಳಿತಿದ್ದವರು ಸಾಕ್ಷಾತ್ ಬಿಲ್ಡರ್ ಭೋಜರಾಜ್!

ಮನೆ ಕೊಟ್ಟಂದಿನಿಂದ ‘ಮೀಟಿಂಗಲ್ಲಿದ್ದಾರೆ’ ಎಂದೇ ಫೋನಿನಲ್ಲಿ ಕೇಳಿದ್ದೆವು. ಈಗ ಗೊತ್ತಾಯಿತು, ಮೀಟಿಂಗು ಚಪಾತಿಯ ಜೊತೆ.

“ಯಾರ್ರೀ ನೀವು! ನನ್ನ ಆಫೀಸಿಗೆ ಹೇಗೆ ಬಂದ್ರಿ?”

“ನಾವು ಬಂದಿಲ್ಲ ಸಾರ್, ನೀವೇ ಬಂದಿದ್ದೀರಿ. ಇದು ಒಂಬತ್ತನೇ ಮಹಡಿ. ಪಲ್ಯಕ್ಕೆ ಉಪ್ಪು ಬೇಕಾ?” ಎಂದೆ.

ಅನಸೂಯಮ್ಮ ಕಿಟಕಿಗೆ ಓಡಿದರು. ನಮ್ಮ ಕ್ಲಬ್ ಹೌಸಿನ ಮೇಲಿನ ಎರಡು ಅಂತಸ್ತನ್ನು ಭೋಜರಾಜ್ ತಮ್ಮ ಆಫೀಸು ಮಾಡಿಕೊಂಡು, ಹೊರಗಿನವರಿಗೆ ಪ್ರವೇಶವಿಲ್ಲ ಎಂದು ಬೋರ್ಡು ಹಾಕಿದ್ದರು. ಅವರದೇ ಜಾಗ ಇರಬೇಕು ಎಂದು ನಾವೆಲ್ಲ ದೂರದಿಂದಲೇ ನಮಸ್ಕಾರ ಹಾಕುತ್ತಿದ್ದೆವು. ಈಗ ಅಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ಕಿಂಡಿ!

“ಅಂದ್ರೆ ನಮ್ಮ ದುಡ್ಡಲ್ಲಿ ಕಟ್ಟಿದ ಜಾಗದಲ್ಲಿ ಇವರು ಕೂತಿದ್ದಾರೆ!” ಎಂದು ಅನಸೂಯಮ್ಮ ತಿರುಗಿದರು. “ಏನಯ್ಯಾ ಚಂದ್ರಹಾಸ, ನಮ್ಮ ಒಂದೂವರೆ ಎಲ್ಲಿ?”

“ನಮ್ದು?” “ನಮ್ದೂ ಎಳೀರಿ!” ಎಂದು ಉಳಿದವರು ಕೂಗಿದರು.

“ಯಾರೂ ಏನೂ ಎಳೀಬಾರದು!” ಎಂದು ಭೋಜರಾಜ್ ಎದ್ದು ನಿಂತರು. ಅದೇ ತಪ್ಪಾಯಿತು. ಚಂದ್ರಹಾಸನಿಗೆ ಯಾರಾದರೂ ಬೇಡವೆಂದರೆ ಕೈ ಇನ್ನೂ ಜೋರಾಗುತ್ತದೆ. ‘ಒಂದು ಮನೆ’ಯ ಮೇಲಿದ್ದ ಇನ್ನೊಂದು ಚಕ್ರವನ್ನು ‘ಎಲ್ಲ ಮನೆ’ಗೆ ತಿರುಗಿಸಿದ. ಇಡೀ ಕಟ್ಟಡ ಒಮ್ಮೆ ತೇಗಿತು! ಮೇಲೆ, ಕೆಳಗೆ, ಅಕ್ಕಪಕ್ಕ ಫಟ್ ಫಟ್ ಎಂದು ಗೋಡೆಗಳು ಊದಿಕೊಂಡ ಸದ್ದು. ಹೊರಗೆ ಕ್ಲಬ್ ಹೌಸು ನಮಗೆ ಹಾಕಿದ್ದ ಟೋಪಿಯನ್ನು ತಾನೇ ತೆಗೆದಿಟ್ಟ ಹಾಗೆ ಬೋಳಾಗಿ ನಿಂತಿತು. ನನ್ನ ಮಿಕ್ಸಿ ಮೋಟಾರು ಕರಟಿದ ವಾಸನೆ ಬಿಟ್ಟು ಪ್ರಾಣ ಬಿಟ್ಟಿತು.

ಅನಸೂಯಮ್ಮನ ಮನೆಗೆ ಆಫೀಸಿನ ಅಕೌಂಟೆಂಟು ಬಂದಿದ್ದ. ಆರನೇ ಮಹಡಿಯವರಿಗೆ ಕಾಫಿ ಮಿಷನ್ನು. ಹನ್ನೆರಡನೇ ಮಹಡಿಯವರ ದೇವರ ಮನೆಯ ಪಕ್ಕದಲ್ಲಿ ಮೂವರು ಎಂಜಿನಿಯರುಗಳು, ಉದ್ದ ಮೇಜಿನ ತುಂಡಿನ ಸಮೇತ.

ಸರಿಯಾಗಿ ಆಗಲೇ ನನ್ನ ಯಜಮಾನರು ಕಾತ್ಯಾಯಿನಮ್ಮನವರನ್ನು ಕರೆದುಕೊಂಡು ಒಳಗೆ ಬಂದರು. ಬೀಗಿತ್ತಿ ಹಾಲು ನೋಡಿದರು, ಜನ ನೋಡಿದರು, ಚಪಾತಿ ಹಿಡಿದ ಭೋಜರಾಜರನ್ನು ನೋಡಿದರು.

“ಇವರು ಯಾರು ಬೀಗ್ರೇ?”

“ನಮ್ಮ ಮನೆ ಕಟ್ಟಿಸಿದವರು. ಊಟಕ್ಕೆ ಬಂದಿದ್ದಾರೆ.”

“ಒಳ್ಳೇದು. ಬಚ್ಚಲು ಎಲ್ಲಿ?”

ಭೋಜರಾಜರ ಕೋಣೆಗೆ ಅಂಟಿಕೊಂಡು ಅವರದೇ ಬಚ್ಚಲೂ ಬಂದಿತ್ತು. ಕಾತ್ಯಾಯಿನಮ್ಮ ಅದರ ಬಾಗಿಲು ತೆರೆದರು. ಢಿಕ್ಕಿಯಿಲ್ಲ! ಇಬ್ಬರು ಕೂತು ಮೀಯುವಷ್ಟು ಜಾಗ, ಗ್ರಾನೈಟಿನ ಕಟ್ಟೆ, ದೊಡ್ಡ ಗೀಸರು. ಅವರು ಒಂದು ಮಗ್ ನೀರು ನೆಲಕ್ಕೆ ಸುರಿದು, ಸೊಂಟದ ಮೇಲೆ ಕೈಯಿಟ್ಟು ನಿಂತರು. ನಳಿನಿ ನನ್ನ ಸೆರಗು ಹಿಡಿದಳು. ನೀರು ಅತ್ತ ನೋಡಲಿಲ್ಲ, ಇತ್ತ ನೋಡಲಿಲ್ಲ. ನೆಟ್ಟಗೆ ಹೋಗಿ ಮೋರಿಗೆ ಇಳಿಯಿತು!

“ಇಲ್ಲೇ ಆಗ್ಲಿ ಬಾಣಂತನ” ಎಂದರು ಬೀಗಿತ್ತಿ. ಆಮೇಲೆ ಭೋಜರಾಜರ ಕಡೆ ತಿರುಗಿ, “ಅಲ್ಲಾ ಸ್ವಾಮಿ, ವಾಟ ಕೊಡೋಕೆ ಬರುತ್ತಲ್ಲ ನಿಮಗೆ!” ಎಂದರು.

ಅವರು ಚಪಾತಿ ನುಂಗಿದರು.

ಅದೇ ಹೊತ್ತಿಗೆ ಮೇಲಿನ ಮನೆಯ ಬಚ್ಚಲಿನಿಂದ ಒಂದು ಹನಿ ನೀರು ಅವರ ಮೇಜಿನ ಮೇಲೆ ತೊಟ್ಟಿಕ್ಕಿತು. ಇನ್ನೊಂದು ಹನಿ ಅವರ ಪಲ್ಯಕ್ಕೆ. ಆ ಸೋರಿಕೆಯ ಬಗ್ಗೆ ನಾವು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಭೋಜರಾಜ್ ತಲೆಯೆತ್ತಿ ನೋಡಿ, ಫೋನು ತೆಗೆದು ಕೂಗಿದರು. ಸಂಜೆಯೊಳಗೆ ಪ್ಲಂಬರು ಬಂದ!

ಯಂತ್ರ ಸುಟ್ಟುಹೋದದ್ದರಿಂದ ಏನನ್ನೂ ಹಿಂದಕ್ಕೆ ಕಳಿಸಲಾಗಲಿಲ್ಲ. ಈಗ ಕಂಪನಿಯ ಆಫೀಸು ನಮ್ಮ ತೊಂಬತ್ತು ಮನೆಗಳಲ್ಲಿ ಹರಡಿಕೊಂಡಿದೆ. ಬೆಳಗ್ಗೆ ಭೋಜರಾಜ್ ಬಂದು, ಹೊರಗೆ ಬೂಟು ಬಿಚ್ಚಿ, ಬೆಲ್ ಒತ್ತಿ, “ಅಮ್ಮಾ, ಒಳಗೆ ಬರಬಹುದಾ?” ಎನ್ನುತ್ತಾರೆ. ಬಾಣಂತಿಯ ಸ್ನಾನ ಆಗುವ ತನಕ ಹಾಲಿನಲ್ಲೇ ಕೂತು ಬೆಳ್ಳುಳ್ಳಿ ಸುಲಿದುಕೊಡುತ್ತಾರೆ. ಸಾಂಬ್ರಾಣಿ ಹೊಗೆಗೆ ಮೊದಮೊದಲು ಕೆಮ್ಮುತ್ತಿದ್ದರು, ಈಗ ಒಗ್ಗಿದೆ. ಕೂಸನ್ನು ತೂಗುತ್ತಲೇ ಫೋನಿನಲ್ಲಿ ಸಿಮೆಂಟಿನ ರೇಟು ಮಾತಾಡುತ್ತಾರೆ. ಹೊಸದಾಗಿ ಕಟ್ಟುತ್ತಿರುವ ಕಟ್ಟಡದ ನಕ್ಷೆ ತಂದು, “ಬಚ್ಚಲು ಸರಿ ಇದೆಯಾ ನೋಡಿ” ಎಂದು ನನಗೆ ತೋರಿಸುತ್ತಾರೆ. ಮಂಚ ಬೊಂಬೆಯ ಅಳತೆಯಲ್ಲಿದ್ದರೆ ನಾನು ಹಿಂದಕ್ಕೆ ಕೊಡುತ್ತೇನೆ.

ಲೆಕ್ಕ ಹೇಳಿಬಿಡುತ್ತೇನೆ. ಹೋದದ್ದು ಒಂದು ಮಿಕ್ಸಿ ಮೋಟಾರು, ಒಂದು ಡಬ್ಬಿ ಒಬ್ಬಟ್ಟು. ಬಂದದ್ದು ಒಂದೂವರೆ ಚದರ, ಒಬ್ಬಳು ಮೊಮ್ಮಗಳು, ಬೆಲ್ ಒತ್ತಿ ಒಳಗೆ ಬರುವ ಬಿಲ್ಡರ್ ಒಬ್ಬ. ಮಿಕ್ಸಿ ಅವರೇ ತಂದುಕೊಟ್ಟರು. ಒಬ್ಬಟ್ಟು ತಿಂದವರು ಯಾರೆಂದು ಮಾತ್ರ ಇನ್ನೂ ಗೊತ್ತಾಗಿಲ್ಲ.