ಅಜ್ಜನ ಅಳತೆಕೋಲಿನ ಕುರ್ಚಿ

ನಮ್ಮ ಮುತ್ತಜ್ಜ ಮಾಡಿದ ಮಂಚದ ಮೇಲೆ ಮೂರು ತಲೆಮಾರು ಹುಟ್ಟಿ ಬೆಳೆಯಿತು, ಒಂದು ಕಾಲೂ ಕಿರುಗುಟ್ಟಲಿಲ್ಲ. ಅಜ್ಜ ಮಾಡಿದ ಪೆಟ್ಟಿಗೆಯನ್ನು ಕಳ್ಳರು ಹೊತ್ತೊಯ್ದು, ಮುಚ್ಚಳ ಮೀಟಲಾರದೆ ಸೋತು, ಮರಳಿ ನಮ್ಮ ಬಾಗಿಲಿಗೇ ತಂದಿಟ್ಟು ಹೋದರು! ಅಪ್ಪ ಮಾಡಿದ ಬೆಂಚಿನ ಮೇಲೆ ಜಗಳಕ್ಕೆಂದು ಬಂದು ಕೂತವರೇ ನಿದ್ದೆ ಹೋಗುತ್ತಿದ್ದರು. ಅಂಥ ವಂಶದ ಕುಡಿ ನಾನು. ಉಳಿ ಹಿಡಿಯುವುದನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ. ಅಪ್ಪನ ಬೆನ್ನ ಹಿಂದೆ ನಿಂತು ಕದ್ದು ಕಲಿತವನು. ಇಂಥವನ ಮನೆಗೆ ಸೊಸೆ ಪುಸ್ತಕ ತಂದಳು, ಅದೂ ಕುರ್ಚಿ ಮಾಡುವುದು ಹೇಗೆಂದು!

ಸೊಸೆ ಸೋಪಿನ ಡಬ್ಬಿ, ಬಿಸ್ಕತ್ತಿನ ಪೊಟ್ಟಣಗಳಿಗೆ ರೂಪ ಕೊಡುವವಳು. ಇಂಥ ವಿನ್ಯಾಸದ ಪುಸ್ತಕಗಳೆಂದರೆ ಪ್ರಾಣ. ಇಟ್ಟಿಗೆಯಷ್ಟು ದಪ್ಪದ ಪುಸ್ತಕವದು. ಪುಟಪುಟಕ್ಕೂ ಕುರ್ಚಿ, ಒಂದರ ಮೇಲೂ ಒಬ್ಬ ನರಮನುಷ್ಯ ಕೂತಿಲ್ಲ!

"ಮಾವ, ಅತ್ತೆಗೆ ಮಂಡಿನೋವು. ಯಾರಾದ್ರೂ ಕೈ ಹಿಡಿದೆತ್ತದೆ ಏಳೋಕಾಗಲ್ಲ. ಊರಿಕೊಂಡು ಏಳೋಕೆ ಕೈಯಿರೋ ಕುರ್ಚಿ ಬೇಕು. ಅಂಗಡೀಲಿ ಒಂದು ನೋಡಿಟ್ಟಿದ್ದೀನಿ," ಎಂದಳು.

ಅಂಗಡಿ ಕುರ್ಚಿ! ನಮ್ಮ ಮನೆಗೆ! ನನಗೆ ಉರಿದುಹೋಯಿತು.

"ಭಾನುವಾರದೊಳಗೆ ನಾನೇ ಮಾಡ್ತೀನಿ. ನಿಮ್ಮತ್ತೆ ಯಾರ ಹಂಗೂ ಇಲ್ಲದೆ ರಾಣಿ ಹಾಗೆ ಏಳ್ತಾಳೆ. ಏಳದಿದ್ರೆ ನಿನ್ನ ಅಂಗಡಿ ಕುರ್ಚಿ ತಂದ್ಕೋ!"

"ಪುಸ್ತಕದ ಮೊದಲನೇ ಪುಟನಾದ್ರೂ ನೋಡಿ ಮಾವ. ಕೂರೋರ ಅಳತೆ ಮೊದಲು ತಗೋಬೇಕಂತೆ."

"ನಿನ್ನ ಪುಸ್ತಕ ಹುಟ್ಟೋ ಮುಂಚೇನೇ ಅಳತೆ ನಮ್ಮನೇಲಿ ಹುಟ್ಟಿದೆ, ಹೋಗಮ್ಮ!"

ಹುಟ್ಟಿತ್ತು. ಅಟ್ಟದ ಮೇಲೆ ಅಜ್ಜನ ಅಳತೆಕೋಲಿತ್ತು. ಕೂರುವ ಎತ್ತರಕ್ಕೊಂದು ಗೀರು, ಅಗಲಕ್ಕೊಂದು ಗೀರು. ನಾನು ಜೀವಮಾನವಿಡೀ ಸ್ಟೂಲು ಮಾಡಿದ್ದು ಆ ಗೀರುಗಳ ಮೇಲೆಯೇ. ಒಬ್ಬರೂ ತಕರಾರು ತೆಗೆದಿರಲಿಲ್ಲ!

ಭಾನುವಾರ ಕುರ್ಚಿ ನಡುಮನೆಯಲ್ಲಿ ವಿರಾಜಮಾನವಾಯಿತು. ಮಂಚದ ಅಂಚಿನಲ್ಲಿ ಕೂತಿದ್ದ ಹೆಂಡತಿ ಕತ್ತು ಓರೆ ಮಾಡಿ ನೋಡಿದಳು.

"ಅದರಲ್ಲಿ ನಾನು ಹಿಡಿಸಲ್ಲ ಕಣ್ರೀ."

"ಕೂರೋ ಮುಂಚೇನೇ ಕೊಂಕು! ಹೇಗೆ ಕೂರಬೇಕು ಅಂತ ತೋರಿಸ್ತೀನಿ ನೋಡು!"

ಸಿಂಹಾಸನ ಏರಿದೆ. ಏರಿದೆನೇನು, ಬೆಣೆ ಹೊಡೆದ ಹಾಗೆ ಇಳಿದೆ! ಗತ್ತಿನಿಂದ ಏಳಹೋದರೆ ಕುರ್ಚಿಯೂ ಜೊತೆಗೆ ಎದ್ದಿತು! ಬಸವನಹುಳುವಿನ ಹಾಗೆ ನಡುಮನೆಯನ್ನೊಂದು ಸುತ್ತು ಹಾಕಿದೆ. ಬಿಡಲಿಲ್ಲ. ಬಿಡುವುದು ಹೇಗೆ? ಜೋಡಿಸಿದವನು ನಾನು!

ಸೊಸೆ ಪುಸ್ತಕದಿಂದ ಬಾಯಿ ಮುಚ್ಚಿಕೊಂಡು ಕೇಳಿದಳು: "ಮಾವ, ಆ ಗೀರು ಯಾರ ಅಳತೆ?"

"ಅಜ್ಜ ತನ್ನ ಮೈ ನೋಡಿಯೇ ಹಾಕಿದ್ದು!"

"ಅಯ್ಯೋ, ಆ ಅಜ್ಜನಾ!" ಎಂದಳು ಹೆಂಡತಿ. "ಮುಚ್ಚಿದ ಬಾಗಿಲ ಸಂದೀಲೇ ಒಳಗೆ ಬರ್ತಿದ್ರಂತಲ್ರೀ!"

ಆಗ ಹೊಳೆಯಿತು. ಸ್ಟೂಲಿಗೆ ಕೈಗಳಿರುವುದಿಲ್ಲ, ಮೈಯಲ್ಲಿ ಹೆಚ್ಚಾದದ್ದು ಆಚೀಚೆ ಇಳಿಬಿದ್ದು ಮರ್ಯಾದೆ ಉಳಿಸುತ್ತದೆ!

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಯಾರ ಕೈಯೂ ಹಿಡಿಯದೆ ಧಡಕ್ಕನೆ ಎದ್ದು, ಒಳಗೆ ಹೋಗಿ ಗರಗಸ ತಂದಳು! "ಯಾವ ಕಡೆಯಿಂದ ಕುಯ್ಯಲಿ?"

"ಗರಗಸ ಕೆಳಗಿಡು!" ಗುಡುಗಿದೆ. "ನೋಡಮ್ಮ, ನಿಮ್ಮತ್ತೆ ತಾನೇ ಎದ್ದಳೋ ಇಲ್ಲವೋ? ಅಂಗಡಿ ಕುರ್ಚಿ ಬೇಡ! ನನ್ನ ಯಾರೂ ಬಿಡಿಸೋದೂ ಬೇಡ! ಅಳತೆ ಸರಿಯಾಗೇ ಇದೆ, ನಾನೇ ಸ್ವಲ್ಪ ಹೆಚ್ಚಾಗಿದ್ದೀನಿ. ಅಜ್ಜನಷ್ಟಾಗೋವರೆಗೂ ಇಲ್ಲೇ ಕೂತಿರ್ತೀನಿ!"